ಕೆಂಪಣ್ಣನ ಹೊಲದ ಕೊರಕಲು

೧೯೪೬ರಲ್ಲಿ ನಾನು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲು ಹೋಬಳಿಗೆ ಕೃಷಿ ಫೀಲ್ಡ್‌ಮನ್ ಆಗಿ ಹೋದೆ. ಆಗ ನನಗೆ ಇಪ್ಪತ್ತಮೂರು. ಒಂದು ಸೈಕಲ್ಲು, ದುರ್ಬೀನಿನಂತಿದ್ದ, ಮಟ್ಟ ನೋಡುವ ಒಂದು ಡಂಪಿ ಲೆವೆಲ್, ರೈತರಿಗಿಂತ ನನಗೇ ಹೆಚ್ಚು ಗೊತ್ತು ಎಂಬ ಜಂಬ, ಇಷ್ಟೇ ನನ್ನ ಆಸ್ತಿ.

ಆ ವರ್ಷ ಮುಂಗಾರು ಕೈಕೊಟ್ಟಿತ್ತು. ಆಷಾಢದ ಗಾಳಿಗೆ ಉತ್ತ ಹೊಲದ ಕೆಮ್ಮಣ್ಣೆದ್ದು ಹಾಡಹಗಲೇ ಊರು ಕಾಣದಂತಾಗುತ್ತಿತ್ತು. ಮಜ್ಜಿಗೆ ಕೊಡುವವರು ಲೋಟದ ಮೇಲೆ ಅಂಗೈ ಮುಚ್ಚಿಕೊಂಡೇ ಕೊಡುತ್ತಿದ್ದರು. ಆ ಮಜ್ಜಿಗೆಯ ರುಚಿ ಈಗ ಎಲ್ಲೂ ಸಿಗದು.

ಗಾಳಿ ಬಿಟ್ಟ ಮಣ್ಣನ್ನು ಮಳೆನೀರು ಕೆರೆಗೆ ಒಯ್ಯುತ್ತಿತ್ತು. ಅಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಹೊಲವನ್ನು ದಿಬ್ಬದಿಂದ ತಗ್ಗಿನವರೆಗೆ ಉದ್ದುದ್ದ ಪಟ್ಟಿಗಳಾಗಿ ಸೀಳುತ್ತಿದ್ದರು. ಮೇಲಿನ ಗರಸು ನೆಲ, ಕೆಳಗಿನ ಒಳ್ಳೆಯ ನೆಲ ಎರಡೂ ಎಲ್ಲರಿಗೂ ಸಿಗಲಿ ಎಂಬ ನ್ಯಾಯ. ಅದರಿಂದ ಉಳುಮೆಯೂ ಇಳಿಜಾರಿನ ಗುಂಟವೇ ನಡೆದು, ಪ್ರತಿ ಸಾಲೂ ನೀರಿಗೆ ದಾರಿಯಾಗುತ್ತಿತ್ತು.

ನನ್ನ ಕೆಲಸ ಕಾಂಟೂರ್ ಬದು ಹಾಕಿಸುವುದು, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಮಣ್ಣಿನ ಏರಿ ಕಟ್ಟಿಸುವುದು. ನಂಜುಂಡಪ್ಪ ಎಂಬ ರೈತ ಒಪ್ಪಿದ. ಪಕ್ಕದ ಪಟ್ಟಿ ಅವನ ತಮ್ಮ ಕೆಂಪಣ್ಣನದು. ಪಾಲಾದಂದಿನಿಂದ ಇಬ್ಬರಿಗೂ ಮಾತಿಲ್ಲ. ಅಣ್ಣನ ಹೊಲದಿಂದ ಬರುವ ಬದು ತನಗೆ ಬೇಡವೇ ಬೇಡ ಎಂದ ಕೆಂಪಣ್ಣ. ನನಗೂ ಹಟ. ಬದುವನ್ನು ಗಡಿಕಲ್ಲಿನವರೆಗೆ ತಂದು ನಿಲ್ಲಿಸಿ, ಕೆಲಸ ಮುಗಿಯಿತೆಂದು ಮೇಲಧಿಕಾರಿಗೆ ಬರೆದುಬಿಟ್ಟೆ. ಹಾಗೆ ನಿಲ್ಲಿಸುವಾಗ ಬದುವಿನ ತುದಿಯನ್ನು ದಿಬ್ಬದ ಕಡೆಗೆ ತಿರುಗಿಸಬೇಕು, ಇಲ್ಲವಾದರೆ ನೀರು ಪಕ್ಕಕ್ಕೆ ನುಗ್ಗುತ್ತದೆ. ಅದನ್ನು ಓದಿದ್ದೆ, ಅವಸರದಲ್ಲಿ ಮರೆತೆ.

ಶ್ರಾವಣದಲ್ಲಿ ಒಂದೇ ಒಂದು ಬಿರುಮಳೆ ಬಿತ್ತು. ಬದುವಿನ ಹಿಂದೆ ಕಟ್ಟಿಕೊಂಡ ನೀರು ಗಡಿಕಲ್ಲಿನ ಬಳಿ ನುಗ್ಗಿ, ಆಷಾಢದ ಕೊನೆಯ ತುಂತುರಿಗೆ ಮೊಳೆತಿದ್ದ ಕೆಂಪಣ್ಣನ ಎಳೆಯ ರಾಗಿ ಪೈರನ್ನು ಕೊಚ್ಚಿಕೊಂಡು ಹೋಯಿತು. ಮಾರನೆಯ ದಿನ ನೋಡಿದರೆ ಮೊಣಕಾಲಾಳದ ಕೊರಕಲು. ಕೆಂಪಣ್ಣ ಅದರೊಳಗೆ ನಿಂತಿದ್ದ. ತಪ್ಪು ನನ್ನದು ಎಂದೆ. ಅವನು ಬಗ್ಗಿ, ಅಂಚಿನಲ್ಲಿ ಬೇರು ಕಿತ್ತು ಬಿದ್ದಿದ್ದ ಪೈರುಗಳನ್ನು ಆರಿಸತೊಡಗಿದ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಳ್ಳೆಯ ಮಣ್ಣೇ ಹೋದ ಮೇಲೆ ಅವನ ಸಂಸಾರ ಮುಂದೆ ಏನು ಬಿತ್ತಬೇಕು?

ಎರಡು ದಿನದ ಮೇಲೆ ನಂಜುಂಡಪ್ಪ ಗಾಡಿ ಕಟ್ಟಿದ. ಒಂದೇ ಮಳೆಗೆ ಕೆರೆ ತುಂಬಿರಲಿಲ್ಲ, ಕೊಚ್ಚಿಹೋದ ಮಣ್ಣು ಕೆರೆಯಂಗಳದ ಅಂಚಿನಲ್ಲೇ ಬಿದ್ದಿತ್ತು. ಕೆರೆಗೋಡು ಹೊಡೆಯುವುದು, ಅಂದರೆ ಕೆರೆಯ ಹೂಳನ್ನು ಗಾಡಿಯಲ್ಲಿ ಹೊಲಕ್ಕೆ ಸಾಗಿಸುವುದು, ಅಲ್ಲಿ ಬೇಸಿಗೆಯ ಕೆಲಸ. ಪೈರು ನಿಂತ ಹೊಲಕ್ಕೆ ಯಾರೂ ಗಾಡಿ ಇಳಿಸುವುದಿಲ್ಲ. ಅವನು ತನ್ನ ರಾಗಿಯ ಮೇಲೆಯೇ ಎತ್ತುಗಳನ್ನು ಹೊಡೆದುಕೊಂಡು ಬಂದು ತಮ್ಮನ ಕೊರಕಲಿಗೆ ಮಣ್ಣು ಸುರಿದ. ನಿಮ್ಮ ಪೈರು ಹಾಳಾಗುತ್ತದಲ್ಲ ಎಂದೆ. ಅವನು ಹೊಲದ ಅಂಚಿನಲ್ಲಿ ನಿಂತಿದ್ದ ತಮ್ಮನ ಕಡೆ ತಿರುಗದೆ ನನಗೆ ಹೇಳಿದ:

“ನಮ್ಮಪ್ಪ ಹೊಲ ಪಾಲು ಮಾಡ್ದ ಸ್ವಾಮಿ. ಮಣ್ಣು ಕೆರೆಗೆ ಹೋಗ್ಲಿ ಅಂತ ಹೇಳಿರ್ಲಿಲ್ಲ.”

ನಾಲ್ಕನೆಯ ಗಾಡಿ ಬರುವ ಹೊತ್ತಿಗೆ ಕೆಂಪಣ್ಣ ಗುದ್ದಲಿ ಹಿಡಿದು ಬಂದ. ಸುರಿದ ಮಣ್ಣನ್ನು ಎಳೆಯುತ್ತಾ ಅವನೂ ನನಗೇ ಹೇಳಿದ:

“ಆ ದುರ್ಬೀನು ತಗೊಂಡ್ಬನ್ನಿ ಸ್ವಾಮಿ. ಬದು ನನ್ನ ಹೊಲದಾಗೂ ಹೋಗ್ಲಿ.”

ಆಮೇಲೆ ಸುಮಾರು ಮೂವತ್ತು ವರ್ಷ ಬದು ಹಾಕಿಸಿದೆ. ಎಲ್ಲೇ ಹೋದರೂ ಪಕ್ಕದ ಹೊಲದವರ ಜಗುಲಿಯಲ್ಲಿ ಕೂತು ಮಾತಾಡದೆ ಲೆವೆಲ್ ಬಿಚ್ಚುತ್ತಿರಲಿಲ್ಲ. ಅದನ್ನು ಕಲಿಸಿದ್ದು ಸಾಸಲಿನ ಆ ಹೊಲ. ಆ ವರ್ಷದ ಕೊಯ್ಲಿನಲ್ಲಿ ಅಲ್ಲಿಗೆ ಹೋದಾಗ ನಂಜುಂಡಪ್ಪನ ರಾಗಿಯ ನಡುವೆ ಗಾಡಿ ಹಾದ ಜಾಡು ಬೋಳಾಗಿಯೇ ಇತ್ತು. ಕೆಂಪಣ್ಣ ಅದೇ ಜಾಡಿನಲ್ಲಿ ನಡೆದು ಅಣ್ಣನ ಕೊಯ್ಲಿಗೆ ಬರುತ್ತಿದ್ದ.