ಹೊಳೆ ದಾಟದ ಬೆಕ್ಕು

ನಮ್ಮ ಊರಿನಲ್ಲಿ ಬೆಕ್ಕನ್ನು ಯಾರೂ ಕೊಲ್ಲುವುದಿಲ್ಲ. ಕೊಂದರೆ ಬಂಗಾರದ ಬೆಕ್ಕು ಮಾಡಿಸಿ ಕಾಶಿಗೆ ಹೋಗಿ ದಾನ ಕೊಡಬೇಕಂತೆ, ಕೊಟ್ಟರೂ ಪಾಪ ಪೂರ್ತಿ ಹೋಗುವುದಿಲ್ಲವಂತೆ. ಹಾಗಾಗಿ ಬೇಡವಾದ ಬೆಕ್ಕನ್ನು ಗೋಣಿಚೀಲಕ್ಕೆ ಹಾಕಿ, ಚೀಲದ ಬಾಯಿ ಕಟ್ಟಿ, ಹೊಳೆಯ ಆಚೆ ದಡದಲ್ಲಿ ಬಿಟ್ಟು ಬರುತ್ತಾರೆ. ಎಷ್ಟು ದೂರ ಬಿಟ್ಟರೂ ಬೆಕ್ಕು ವಾಸನೆ ಹಿಡಿದು ವಾಪಸು ಬರುತ್ತದೆ, ನೀರು ದಾಟಿಸಿದರೆ ಮಾತ್ರ ಬರುವುದಿಲ್ಲ ಎಂಬುದು ನಂಬಿಕೆ. ಇದಕ್ಕೆ ಹೊಳೆ ದಾಟಿಸುವುದು ಎಂದೇ ಹೆಸರು. ಆಚೆ ದಡದಲ್ಲಿ ಅದು ಏನು ತಿಂದಿತು, ಯಾವ ನಾಯಿಯ ಬಾಯಿಗೆ ಬಿತ್ತು ಎಂದು ಯಾರೂ ಕೇಳುವುದಿಲ್ಲ. ಪಾಪ ಏನಿದ್ದರೂ ಆಚೆ ದಡದವರಿಗೆ.

ನಾನೂ ದಾಟಿಸಿದವಳೇ. ಮದುವೆಯಾಗಿ ಮಿರ್ಜಾನಿಗೆ ಬಂದ ಮೊದಲ ವರ್ಷ, ನಮ್ಮ ಸೌದೆ ಕೊಟ್ಟಿಗೆಯಲ್ಲಿ ಯಾವುದೋ ಬೆಕ್ಕು ಮೂರು ಮರಿ ಹಾಕಿತ್ತು. ಅತ್ತೆ ಚೀಲ ಕೈಗೆ ಕೊಟ್ಟು, "ಸೇತುವೆ ದಾಟಿ ಬಿಟ್ಟು ಬಾ" ಎಂದರು. ಹೊಸ ಸೊಸೆ, ಇಲ್ಲ ಎನ್ನುವ ಬಾಯಿ ಇನ್ನೂ ಬಂದಿರಲಿಲ್ಲ. ಸೇತುವೆಯ ಉದ್ದಕ್ಕೂ ಚೀಲದೊಳಗಿನ ಉಗುರುಗಳು ನನ್ನ ಸೊಂಟಕ್ಕೆ ತಾಗುತ್ತಿದ್ದವು. ಬಿಟ್ಟು ತಿರುಗಿ ನೋಡದೆ ಬಂದೆ. ತಿರುಗಿ ನೋಡಬಾರದು, ನೋಡಿದರೆ ಹಿಂದೆ ಬರುತ್ತವೆ ಎಂದೂ ಅತ್ತೆ ಹೇಳಿ ಕಳಿಸಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ನಾನು ದೊಡ್ಡ ಪುಣ್ಯವಂತೆ ಎಂದು ಯಾರೂ ತಿಳಿಯುವುದು ಬೇಡ.

ಈ ಬೆಕ್ಕು ಬಂದದ್ದು ಅದಾಗಿ ಹನ್ನೊಂದು ವರ್ಷಕ್ಕೆ. ಬೂದಿ ಬಣ್ಣ, ಒಂದು ಕಿವಿಯ ತುದಿ ಹರಿದಿತ್ತು. ಮನೆಯೊಳಗೆ ಎಂದೂ ಬಂದದ್ದಲ್ಲ. ಹಿತ್ತಲ ಕಲ್ಲಿನ ಮೇಲೆ ನಾನು ಮೀನು ಹೆಚ್ಚುವ ಹೊತ್ತಿಗೆ ಎಲ್ಲಿಂದಲೋ ಹಾಜರಾಗುತ್ತಿತ್ತು. ತಲೆ, ಕರುಳು ತಿಂದು ಬಾಯಿ ಒರೆಸಿಕೊಂಡು ಹೋಗುತ್ತಿತ್ತು. ಮುಟ್ಟಲು ಹೋದರೆ ಪರಚುತ್ತಿತ್ತು. ನನಗೂ ಅದಕ್ಕೂ ಅಷ್ಟೇ ವ್ಯವಹಾರ.

ಶ್ರಾವಣ ಹಿಡಿದ ಮೇಲೆ ನಮ್ಮ ಮನೆಯಲ್ಲಿ ಮೀನು ಇಲ್ಲ, ಚೌತಿಯ ಗಣಪತಿ ಬಂದು ಹೋಗುವವರೆಗೂ ಇಲ್ಲ. ಆದರೂ ಬೆಕ್ಕು ದಿನಾ ಬಂದು ಖಾಲಿ ಕಲ್ಲನ್ನು ಮೂಸಿ ನೋಡಿ ಹೋಗುತ್ತಿತ್ತು. ಒಂದು ಮಧ್ಯಾಹ್ನ ನಡೆದು ಬರಲಿಲ್ಲ, ಮೈ ಎಳೆದುಕೊಂಡು ಬಂತು. ಹಿಂದಿನ ಎಡಗಾಲು ನೆಲದ ಮೇಲೆ ಹಗ್ಗದ ಹಾಗೆ ಜಾರುತ್ತಿತ್ತು. ತೊಡೆಯ ಚರ್ಮ ಅಂಗೈ ಅಗಲ ಕಿತ್ತುಹೋಗಿತ್ತು. ಹೆದ್ದಾರಿಯ ವಾಹನವೋ, ನಾಯಿಯೋ, ಯಾರಿಗೆ ಗೊತ್ತು. ಅದು ಕಲ್ಲಿನ ಬುಡದಲ್ಲಿ ಮಲಗಿ ನನ್ನನ್ನೇ ನೋಡಿತು. ಅವತ್ತು ಕೈ ಚಾಚಿದರೆ ಪರಚಲಿಲ್ಲ. ಅದನ್ನು ಕಂಡೇ ನನಗೆ ಹೆದರಿಕೆಯಾದದ್ದು.

ಅತ್ತೆ ಬಾಗಿಲಿಂದಲೇ ಕಂಡು ತೀರ್ಪು ಕೊಟ್ಟರು. "ಚೌತಿ ಒಳಗೆ ಅದನ್ನ ಹೊಳೆ ದಾಟ್ಸಿ ಆಗ್ಬೇಕು. ಗಣಪತಿ ಬರೂ ಮನೇಲಿ ಕೀವು, ರಕ್ತ ಎಲ್ಲಾ ಎಂತಕೆ? ನಮ್ಮ ಬೆಕ್ಕೂ ಅಲ್ಲ."

"ಚೌತಿಗೆ ಇನ್ನೂ ಮೂರು ವಾರ ಉಂಟಲ್ಲ, ನೋಡ್ವ" ಎಂದೆ. ಇಲಿಯ ಮೇಲೆ ಬರುವ ದೇವರಿಗೆ ಬೆಕ್ಕು ಕಂಡರೆ ಆಗುವುದಿಲ್ಲವೇನೋ ಎಂದು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ಪೇಟೆಯ ಖಾಸಗಿ ಪ್ರಾಣಿ ಕ್ಲಿನಿಕ್ಕಿಗೆ ಫೋನು ಮಾಡಿದೆ. ಎಕ್ಸ್‌ರೇ ತೆಗೆಸಬೇಕು, ಮೂಳೆ ಮುರಿದಿದ್ದರೆ ಮಂಗಳೂರಿಗೋ ಹುಬ್ಬಳ್ಳಿಗೋ ಒಯ್ದು ಪ್ಲೇಟು ಹಾಕಿಸಬೇಕು ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು. ಅವರು ಹೇಳಿದ ಮೊತ್ತಕ್ಕೆ ನನ್ನ ಹೊಲಿಗೆ ಮೆಷಿನ್ ಮಾರಿದರೂ ಅರ್ಧ ಬರುತ್ತಿರಲಿಲ್ಲ. ನಾನು ಜಗಲಿಯಲ್ಲಿ ಕೂತು ಊರಿನ ಹೆಂಗಸರಿಗೆ ಬ್ಲೌಸ್ ಹೊಲಿಯುವವಳು, ಗಂಡ ಕುಮಟೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸಕ್ಕಿರುವವರು. "ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು" ಎಂದು ಅತ್ತೆ ಗೋಡೆಗೆ ಹೇಳಿದರು. ಗೋಡೆಗೆ ಹೇಳಿದ್ದೆಲ್ಲ ನನಗೇ ಎಂದು ನನಗೆ ಗೊತ್ತು.

ದುಡ್ಡಿಲ್ಲದವರು ಪ್ರಾಣಿಯ ಮೇಲೆ ಆಸೆ ಇಡಬಾರದು ಎಂದು ಎಲ್ಲಿ ಬರೆದಿದೆ? ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ತಪ್ಪು ಮಾಡಿದೆ.

ಮೂರನೆಯ ದಿನ ಗಾಯದಲ್ಲಿ ಹುಳ ಕಂಡವು. ನನ್ನ ತವರಿನಲ್ಲಿ ದನ ಇದ್ದವು. ದನದ ಗಾಯಕ್ಕೆ ಹುಳ ಬಿದ್ದರೆ ಅಪ್ಪ ಡಾಂಬರು ಗುಳಿಗೆ ಪುಡಿ ಮಾಡಿ, ತೆಂಗಿನೆಣ್ಣೆಯಲ್ಲಿ ಕಲಸಿ ತುಂಬುತ್ತಿದ್ದರು. ಬಟ್ಟೆಯ ಪೆಟ್ಟಿಗೆಯಲ್ಲಿ ನುಸಿಗೆ ಇಡುತ್ತೇವಲ್ಲ, ಅದೇ ಬಿಳಿ ಗುಳಿಗೆ. ಮಾರನೆಯ ದಿನ ಹುಳ ತಾವಾಗಿ ಉದುರುತ್ತಿದ್ದವು. ನಾನೂ ಹಾಗೆಯೇ ಮಾಡಿದೆ. ಬಹಳ ಜಾಣತನ ಮಾಡಿದವಳ ಹಾಗೆ ಕೈ ತೊಳೆದು ಬಂದು ಮೆಷಿನ್ ಮುಂದೆ ಕೂತೆ. ಎರಡು ತೋಳು ಜೋಡಿಸುವಷ್ಟರಲ್ಲಿ ಬೆಕ್ಕಿನ ಬಾಯಿಯಿಂದ ನೊರೆ ಬರುತ್ತಿತ್ತು, ಮೈ ನಡುಗುತ್ತಿತ್ತು. ತೊಡೆ ಸ್ವಚ್ಛವಾಗಿತ್ತು. ನಾನು ಹಚ್ಚಿದ್ದನ್ನೆಲ್ಲ ಅದು ನೆಕ್ಕಿತ್ತು.

ಬುಟ್ಟಿಯಲ್ಲಿ ಹಾಕಿಕೊಂಡು ರಿಕ್ಷಾ ಹಿಡಿದು ಸರಕಾರಿ ಪಶು ಆಸ್ಪತ್ರೆಗೆ ಓಡಿದೆ. ನಾವೆಲ್ಲ ಅದನ್ನು ದನದ ಆಸ್ಪತ್ರೆ ಎನ್ನುವುದು. ಬೆಕ್ಕು ಹಿಡಿದುಕೊಂಡು ಹೋಗಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದೇ ಇರಲಿಲ್ಲ. ಕರುವಿನ ಹಗ್ಗ ಹಿಡಿದು ಸಾಲಿನಲ್ಲಿ ನಿಂತವರು ನನ್ನ ಬುಟ್ಟಿ ಕಂಡು ನಕ್ಕರು. ನಗಲಿ ಎಂದು ಸಾಲು ಬಿಟ್ಟು ಒಳಗೆ ನುಗ್ಗಿದೆ. ಡಾಕ್ಟರು ವಯಸ್ಸಾದವರು. ಗಾಯ ಮೂಸಿ ನೋಡಿ ಕೂಗಿದರು.

"ಇದೆಂತದು, ಬೆಕ್ಕನ್ನ ದನ ಮಾಡಿದ್ಯಲೆ ತಂಗಿ! ಬೆಕ್ಕು ತನ್ನ ಮೈಮೇಲೆ ನೆಕ್ಕದ ಜಾಗ ಉಂಟಾ? ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗೂದು."

"ಬೈಯೂದು ಆಮೇಲೆ ಬೈಯಿರಿ ಸರ್. ಈಗ ಎಂತ ಮಾಡ್ಬೇಕು ಹೇಳಿ" ಎಂದೆ.

ಅವರು ಮಾತು ನಿಲ್ಲಿಸಿ ಕೆಲಸ ಶುರು ಮಾಡಿದರು. ಇಂಜೆಕ್ಷನ್ ಕೊಟ್ಟರು, ಮೈ ತೊಳೆಸಿದರು, ಚಿಮಟದಲ್ಲಿ ಒಂದೊಂದೇ ಹುಳ ತೆಗೆದರು. ನಾನು ತಲೆ ಹಿಡಿದುಕೊಂಡು ನಿಂತಿದ್ದೆ. ಮುಗಿಯುವ ಹೊತ್ತಿಗೆ ನಡುಕ ಕಡಿಮೆಯಾಗಿತ್ತು. ಕೊನೆಗೆ ಹೇಳಿದರು: ಸೊಂಟದ ಮೂಳೆ ಮುರಿದ ಹಾಗಿದೆ, ಅಲುಗಾಡದಂತೆ ಒಂದೂವರೆ ತಿಂಗಳು ಇಟ್ಟರೆ ತಾನಾಗಿ ಕೂಡಿಕೊಳ್ಳಬಹುದು, ಕಾಲಿಗೆ ಶಕ್ತಿ ಬರುತ್ತದೆ ಎಂಬ ಭರವಸೆ ಇಲ್ಲ. ಉಪ್ಪುನೀರಿನಲ್ಲಿ ಗಾಯ ತೊಳೆಯಬೇಕು, ಅವರು ಕೊಟ್ಟ ಮಾತ್ರೆ ಬಿಟ್ಟು ಬೇರೆ ಏನೂ ಕೊಡಬಾರದು, ನೆಕ್ಕಲು ಬಿಡಬಾರದು, ಮೀನು ಬೇಯಿಸಿ ಹಾಕಬೇಕು.

"ಶ್ರಾವಣ, ಸರ್" ಎಂದೆ.

"ಶ್ರಾವಣ ನಿಂಗೆ. ಅದಕ್ಕೆ ಎಂತ ಶ್ರಾವಣ?" ಎಂದು ಅವರು ಮುಂದಿನ ಕರುವನ್ನು ಕರೆದರು.

ಒಂದೂವರೆ ತಿಂಗಳು ಎಂದರೆ ಚೌತಿ ದಾಟಿ ಹೋಗುತ್ತಿತ್ತು. ಹೋಗಲಿ ಎಂದುಕೊಂಡೆ.

ಕೋಳಿ ಮುಚ್ಚುವ ದೊಡ್ಡ ಬುಟ್ಟಿಯನ್ನು ಜಗಲಿಯಲ್ಲಿ, ನನ್ನ ಮೆಷಿನ್ ಪಕ್ಕದಲ್ಲೇ ಕವುಚಿ ಹಾಕಿ ಬೆಕ್ಕನ್ನು ಒಳಗಿಟ್ಟೆ. ನೆಕ್ಕದಂತೆ ಮಾಡುವ ಕೊರಳಪಟ್ಟಿ ಅಂಗಡಿಯಲ್ಲಿ ಸಿಗುತ್ತದಂತೆ, ನನಗೆ ಅಂಗಡಿ ಎಂತಕೆ? ಬ್ಲೌಸಿನ ಕತ್ತು ಗಟ್ಟಿ ನಿಲ್ಲಲು ಒಳಗೆ ಕ್ಯಾನ್ವಾಸ್ ಕೊಡುತ್ತೇವೆ. ಟೇಪು ಹಿಡಿದು ಬೆಕ್ಕಿನ ಕುತ್ತಿಗೆಯ ಅಳತೆ ತೆಗೆದು, ಗಿರಾಕಿಗಳ ಅಳತೆ ಪುಸ್ತಕದಲ್ಲೇ ಬರೆದುಕೊಂಡು, ಎರಡು ಪದರ ಕ್ಯಾನ್ವಾಸಿನಲ್ಲಿ ಆಲಿಕೆಯ ಆಕಾರಕ್ಕೆ ಹೊಲಿದೆ. ಮೊದಲನೆಯದನ್ನು ಕಿತ್ತು ಹಾಕಿತು. ಎರಡನೆಯದಕ್ಕೆ ಹುಕ್ಕು ಹಾಕಿದೆ, ನಿಂತಿತು.

ಚೌತಿಯ ಮುಂಚಿನ ವಾರಗಳು ದರ್ಜಿಗೆ ಉಸಿರು ಬಿಡಲು ಪುರಸೊತ್ತಿಲ್ಲದ ಕಾಲ. ಬ್ಲೌಸ್ ಕೇಳಲು ಬಂದವರೆಲ್ಲ ಬುಟ್ಟಿಯೊಳಗೆ ಇಣುಕಿದರು. "ಬೆಕ್ಕಿನ ಕೊರಳಿಗೆ ಗಂಟೆ ಕಟ್ಟೂರು ಯಾರು ಅಂತ ಕೇಳ್ತಿದ್ರು, ನೀನು ಕ್ಯಾನ್ವಾಸೇ ಕಟ್ಟಿದ್ಯಲೆ ಮಾರಾಯ್ತಿ" ಎಂದು ಆಚೆ ಕೇರಿಯ ಅಕ್ಕ ಒಬ್ಬಳು ನಕ್ಕಳು. ಮತ್ತೆ ನಗು ನಿಲ್ಲಿಸಿ, "ನನ್ನ ಬ್ಲೌಸ್ ಮೊದ್ಲಾ, ಇದರದ್ದು ಮೊದ್ಲಾ?" ಎಂದು ಕೇಳಿದಳು.

"ಇದರದ್ದು" ಎಂದೆ. "ನಿಂಗೆ ಹಳೇ ಬ್ಲೌಸ್ ಉಂಟು ಅಕ್ಕ. ಅದಕ್ಕೆ ಬೇರೆ ಕಾಲಿಲ್ಲ."

ದಿನಾ ಬೆಳಿಗ್ಗೆ ಮೀನಿನವಳು ಬಂದಾಗ ಒಂದು ಹಿಡಿ ಸಣ್ಣ ತಾರ್ಲೆ ಮೀನು ತೆಗೆದುಕೊಳ್ಳುತ್ತಿದ್ದೆ. ಶ್ರಾವಣದಲ್ಲಿ ನಮ್ಮ ಮನೆಯ ಮುಂದೆ ಅವಳು ಕೂಗುವುದೂ ಇರಲಿಲ್ಲ, ನಾನೇ ಕರೆದು ನಿಲ್ಲಿಸಿದೆ. ಹಿತ್ತಲಿನಲ್ಲಿ ಮೂರು ಕಲ್ಲಿಟ್ಟು, ಒಡೆದ ಮಡಕೆಯಲ್ಲಿ ಬೇಯಿಸಿ, ಸ್ನಾನ ಮಾಡಿಯೇ ಒಳಗೆ ಹೋಗುತ್ತಿದ್ದೆ. ದಿನಕ್ಕೆ ಎರಡು ಸ್ನಾನ. ಅತ್ತೆ ಒಂದು ವಾರ ನನ್ನ ಕೈಯ ನೀರು ಕುಡಿಯಲಿಲ್ಲ. ನಾನು ಕದ್ದು ಮಾಡಬಹುದಿತ್ತು. ಮಾಡಲಿಲ್ಲ. ಕದ್ದು ಮಾಡಲು ಅದೇನು ಕಳ್ಳತನವೇ?

ಚೌತಿಗೆ ಎರಡು ದಿನ ಇದೆ ಎನ್ನುವಾಗ ಸಂಜೆ ಗಂಡ ಬೈಕಿನಿಂದ ಇಳಿದು ಒಳಗೆ ಬಂದರು. ಕೈಯಲ್ಲಿ ಗೋಣಿಚೀಲ ಇತ್ತು. ಅತ್ತೆ ಬಾಗಿಲಲ್ಲಿ ನಿಂತಿದ್ದರು.

"ಅಮ್ಮನ ಸಮಾಧಾನಕ್ಕೆ ಮಾರಾಯ್ತಿ. ಬೈಕ್ ಮೇಲೆ ಹೋಗಿ ಮೆಲ್ಲ ಬಿಟ್ಟು ಬತ್ತೆ. ಗಾಯ ಒಣಗಿತಲ್ಲ, ಬದುಕ್ತದೆ" ಎಂದರು. ಕೆಟ್ಟ ಮನುಷ್ಯರಲ್ಲ, ನನ್ನ ಕಣ್ಣಿಗೆ ಕಣ್ಣು ಕೊಡದೆ ಹೇಳಿದರು.

"ಚೀಲ ಕೊಡಿ ಇಲ್ಲಿ" ಎಂದೆ. ನಾನೇ ತುಂಬಿಸುತ್ತೇನೆ ಎಂದುಕೊಂಡರೇನೋ, ಕೊಟ್ಟರು.

ಮೆಷಿನ್ ಮೇಲೆ ನನ್ನ ದೊಡ್ಡ ಕತ್ತರಿ ಇತ್ತು. ಅದು ಬಟ್ಟೆಗೆ ಮಾತ್ರ. ಕಾಗದ ಕತ್ತರಿಸಿದರೂ ಬಾಯಿ ಹೋಗುತ್ತದೆ ಎಂದು ಯಾರನ್ನೂ ಮುಟ್ಟಲು ಬಿಡುವವಳಲ್ಲ ನಾನು. ನಾನಿಲ್ಲದಾಗ ಯಾರಾದರೂ ಕೇಳಿದರೆ ಅತ್ತೆಯೇ, "ಅದು ಅವಳ ಅನ್ನ, ಮುಟ್ಬೇಡಿ" ಎಂದು ಅಡುಗೆಮನೆಯ ಕತ್ತರಿ ತಂದುಕೊಡುತ್ತಿದ್ದರು. ಆ ಕತ್ತರಿಯನ್ನೇ ಎತ್ತಿ ಗೋಣಿಚೀಲ ಕತ್ತರಿಸತೊಡಗಿದೆ. ನಾರು ಕರಕರ ಎನ್ನುತ್ತಿತ್ತು, ಮಣ್ಣು ಉದುರುತ್ತಿತ್ತು. ಬಾಯಿಂದ ಬುಡದವರೆಗೆ ಸೀಳಿದೆ, ಬುಡವನ್ನೂ ಕತ್ತರಿಸಿ ಬಿಡಿಸಿ ಹಾಸಿದೆ. ಬುಟ್ಟಿ ಎತ್ತಿ, ಆ ಗೋಣಿಯನ್ನು ನಾಲ್ಕು ಮಡಿಕೆ ಮಾಡಿ ಬೆಕ್ಕಿನ ಕೆಳಗೆ ಹಾಸಿದೆ.

"ಇನ್ನೊಂದು ಚೀಲ ಇದ್ರೆ ಅದನ್ನೂ ತನ್ನಿ. ಕತ್ತರಿ ಹೇಗೂ ಹಾಳಾತು" ಎಂದೆ.

ಗಂಡ ಕೈಕಾಲು ತೊಳೆಯಲು ಹಿತ್ತಲಿಗೆ ಹೋದರು. ಅತ್ತೆ ಕತ್ತರಿಯನ್ನೇ ನೋಡುತ್ತಾ ಸ್ವಲ್ಪ ಹೊತ್ತು ನಿಂತು ಒಳಗೆ ಹೋದರು. ಆ ಚೌತಿಯಲ್ಲಿ ನಮ್ಮ ಮನೆಯಿಂದ ಹೊಳೆಗೆ ಹೋದದ್ದು ಗಣಪತಿ ಒಬ್ಬನೇ.

ಗಣಪತಿ ಹೋದ ಮೇಲೆ ಮನೆಗೆ ಮೀನು ಬಂತು. ಇನ್ನೂ ಒಂದಿಷ್ಟು ದಿನ ಕಳೆದು ಬುಟ್ಟಿ ಎತ್ತಿದೆ. ಬೆಕ್ಕು ಎದ್ದಿತು, ಒಂದು ಬದಿಗೆ ವಾಲಿತು, ನಿಂತಿತು. ಎಡಗಾಲು ನೆಲಕ್ಕೆ ತಾಗುವುದಿಲ್ಲ, ಮಡಚಿಯೇ ಇರುತ್ತದೆ. ಮೂರು ಕಾಲಿನಲ್ಲಿ ಕುಪ್ಪಳಿಸುತ್ತಾ ಹಿತ್ತಲಿಗೆ ಹೋಗಿ ಕಲ್ಲಿನ ಪಕ್ಕ ಕೂತಿತು. ನಾನು ಬೆನ್ನು ಸವರಲು ಹೋದರೆ ಕೈ ಪರಚಿತು. ರಕ್ತ ಬಂತು, ನನಗೆ ಎಷ್ಟು ಸಂತೋಷವಾಯಿತೆಂದರೆ ಒಬ್ಬಳೇ ನಕ್ಕೆ.

ಅತ್ತೆ ಬಂಗಡೆಯ ತಲೆ ಎರಡನ್ನು ತಂದು ಕಲ್ಲಿನ ಮೇಲೆ ಇಟ್ಟರು. ಅದು ತಿನ್ನುವುದನ್ನು ನೋಡುತ್ತಾ ನಿಂತರು. ನನ್ನ ಕಡೆ ತಿರುಗದೆ ಹೇಳಿದರು.

"ಆವತ್ತು ಆ ಮರಿಗಳನ್ನ ಬಿಟ್ಟು ನೀನು ಅಳ್ತಾ ಬಂದದ್ದು ನಾ ಕಂಡಿದ್ದೆ. ಆ ಪಾಪ ನಿಂದಲ್ಲ. ಚೀಲ ಕಟ್ದವಳು ನಾನು."

ಅವರು ಅಷ್ಟು ಹೇಳಿದ್ದು ಅವರಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತಿತ್ತು. ಆತು ಎಂದು ತಲೆ ಆಡಿಸಿ ಆ ಪಾಪವನ್ನು ಅವರಿಗೇ ದಾಟಿಸಿ ಹಗುರಾಗಬಹುದಿತ್ತು. ಆಗಲಿಲ್ಲ.

"ಕಟ್ಟಿದ್ದು ನೀವು ಅತ್ತೆ. ಹೊತ್ತದ್ದು ನಾನು" ಎಂದೆ.