ಮಸ್ಕಿಯ ಅಕ್ಕಿ ಮಿಲ್ಲಿನಲ್ಲಿ ಕಂಪ್ಯೂಟರ್ ತಪಾಸಣೆ

ತೊಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಸಿಂಧನೂರಿನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಬಿ.ಎಸ್ಸಿ. ಮುಗಿಸಿ, ರಾಯಚೂರಿನಲ್ಲಿ ಒಂದು ಕೋರ್ಸ್ ಮಾಡಿಕೊಂಡು ಬಂದಿದ್ದ ನಾನು ವಿದ್ಯಾರ್ಥಿಗಳಿಗಿಂತ ಒಂದೇ ಒಂದು ಪಾಠ ಮುಂದಿದ್ದೆ. ವಿದ್ಯಾರ್ಥಿಗಳೂ ಬಹಳ ಇರಲಿಲ್ಲ. ಇದ್ದವರಲ್ಲಿ ಒಬ್ಬಾತ ಬರುತ್ತಿದ್ದದ್ದು ಫ್ಯಾನಿನ ಗಾಳಿಗೆ.

ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದ ನಮ್ಮ ಸರ್ ಅರ್ಧ ತಾಲೂಕಿನ ಗುಮಾಸ್ತರಿಗೆ ಟೈಪಿಂಗ್ ಕಲಿಸಿದವರು. ಆಗ ಟೈಪ್‌ರೈಟರುಗಳ ಮೇಲಿನ ಮುಸುಕು ತೆಗೆಯುವವರೇ ಇರಲಿಲ್ಲ. ಯುಗಾದಿಯೊಳಗೆ ಏನಾದರೂ ಕೆಲಸ ಸಿಗದಿದ್ದರೆ ಬೋರ್ಡ್ ಇಳಿಸುವುದೇ ಎಂದು ಸರ್ ಹೇಳಿಬಿಟ್ಟಿದ್ದರು. ಅಷ್ಟರಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸುವ ಸರ್ಕಾರಿ ಟೆಂಡರ್ ಬಂತು. ಸ್ವಂತ ಕಂಪ್ಯೂಟರ್ ಇರಬೇಕು, ಕನ್ನಡ ಟೈಪ್ ಮಾಡುವವರಿರಬೇಕು ಎಂಬುದು ಷರತ್ತು. ನಮ್ಮಲ್ಲಿ ಎರಡೂ ಇದ್ದವು. ಟೆಂಡರ್ ಮಾತ್ರ ಮಸ್ಕಿಯ ಒಬ್ಬ ಅಕ್ಕಿ ಮಿಲ್ಲಿನ ಮಾಲೀಕನಿಗೆ ಮಂಜೂರಾಯಿತು. ಆತ ಕಾಲುವೆ ದುರಸ್ತಿ ಮಾಡಿದ್ದ, ರಸ್ತೆ ಮಾಡಿದ್ದ, ಶಾಲೆಗಳಿಗೆ ಕೋಣೆ ಕಟ್ಟಿಸಿದ್ದ. ಕಂಪ್ಯೂಟರನ್ನು ಮುಟ್ಟಿರಲಿಲ್ಲ, ಅಷ್ಟೇ.

ಸರ್ ಲಿಂಗಸುಗೂರಿನ ಸಹಾಯಕ ಆಯುಕ್ತ ಸಾಹೇಬರ ಕಚೇರಿಗೆ ಹೋಗಿ ತಕರಾರು ಅರ್ಜಿ ಕೊಟ್ಟರು. ನಾನೂ ಜೊತೆಗಿದ್ದೆ. ಕಚೇರಿಯ ಗುಮಾಸ್ತ ಸರ್ ಹತ್ತಿರವೇ ಟೈಪಿಂಗ್ ಕಲಿತವನು.

"ಸರ್, ಇದೆಲ್ಲಾ ಯಾಕ್ರೀ? ಕುಂದ್ರಿ, ಚಾ ಕುಡೀರಿ, ಊರಿಗೆ ಹೋಗ್ರಿ."

"ಚಾ ಕುಡೀತೀನಿ. ಮೊದಲ ಅರ್ಜಿ ಮ್ಯಾಲೆ ಸಿಕ್ಕಾ ಹೊಡಿ."

ಚಹಾವೂ ಬಂತು, ಮೊಹರೂ ಬಿತ್ತು. ಸಾಹೇಬರು ಅರ್ಜಿ ಓದಿ, ಮಿಲ್ಲಿನವನ ಹತ್ತಿರ ಕಂಪ್ಯೂಟರ್ ಇವೆಯೋ ಇಲ್ಲವೋ ತಾವೇ ಹೋಗಿ ನೋಡುವುದಾಗಿ ಹೇಳಿದರು. ಬರುವ ದಿನವನ್ನು ಮಿಲ್ಲಿನವನಿಗೂ ಮೊದಲೇ ತಿಳಿಸಿದರು. ಕನ್ಯೆ ನೋಡಲು ಹೋಗುವವರು ಹೇಳಿ ಕಳಿಸುವುದಿಲ್ಲವೇ, ಹಾಗೆ.

ಆ ದಿನ ನಾನು, ಸರ್ ಮಸ್ಕಿಯಲ್ಲಿ ಬಸ್ಸಿಳಿದು ಮಿಲ್ಲಿಗೆ ಹೋದಾಗ ಕನ್ಯೆಯರು ಸಿಂಗಾರಗೊಂಡು ಕೂತಿದ್ದರು. ಭತ್ತದ ಚೀಲ ತೆರವು ಮಾಡಿದ ಗೋದಾಮು, ಅದರೊಳಗೆ ಉದ್ದನೆಯ ಕಬ್ಬಿಣದ ಮೇಜು, ಮೇಜಿನ ಮೇಲೆ ಎಲ್ಲಿಂದಲೋ ಬಾಡಿಗೆಗೆ ತಂದ ಕಂಪ್ಯೂಟರುಗಳು. ಪ್ರತಿಯೊಂದಕ್ಕೂ ವಿಭೂತಿ, ಕುಂಕುಮ, ಚೆಂಡು ಹೂವಿನ ಹಾರ. ಬಾಗಿಲಲ್ಲಿ ಮಿಲ್ಲಿನ ಆಳು ನಿಂತಿದ್ದ.

"ಚಪ್ಪಲಿ ಬಿಡ್ರೀ. ಕಂಪ್ಯೂಟರ್ ರೂಮು."

ಆ ಕಾಲದಲ್ಲಿ ಎಲ್ಲ ಕಡೆಯೂ ಅದೇ ಪದ್ಧತಿ. ನಮ್ಮ ಇನ್‌ಸ್ಟಿಟ್ಯೂಟಿನಲ್ಲೂ ಚಪ್ಪಲಿ ಹೊರಗೇ. ಧೂಳು ಬಂದರೆ ಯಂತ್ರ ಕೆಡುತ್ತದೆ ಎನ್ನುತ್ತಿದ್ದರು, ಆದರೆ ಜನ ಒಳಗೆ ಬಂದು ಕೈ ಮುಗಿಯುತ್ತಿದ್ದ ರೀತಿ ನೋಡಿದರೆ ಕಾರಣ ಧೂಳಷ್ಟೇ ಅಲ್ಲ ಎನಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಬಂದ ಸಾಹೇಬರೂ ಬೂಟು, ಕಾಲುಚೀಲ ಬಿಚ್ಚಿದರು. ನೆಲವನ್ನು ಆಗಷ್ಟೇ ತೊಳೆದಿದ್ದರು. ಪಾದಕ್ಕೆ ತಣ್ಣಗೆ ಹಿತವಾಗಿತ್ತು.

ಮಿಲ್ಲಿಗೆ ಹೊಸ ಯಂತ್ರ ಬಂದರೆ ಅದರ ಬುಡದಲ್ಲಿ ಕಾಯಿ ಒಡೆಯುತ್ತಾರೆ. ಕಂಪ್ಯೂಟರಿಗೆ ಬುಡ ಇಲ್ಲದ್ದರಿಂದ ಮಿಲ್ಲಿನವನು ಮೇಜಿನ ಕಾಲಿನ ಬುಡದಲ್ಲಿ ಒಡೆದ. ಒಳ್ಳೆಯ ಎಳೆಗಾಯಿ, ನೀರು ಧಾರಾಳವಾಗಿ ಹರಿಯಿತು. ಮೋಟಾರಿನ ಸ್ವಿಚ್ಚಿನಿಂದ ಎಳೆದು ತಂದಿದ್ದ ವೈರಿನ ಗಂಟು ಅದೇ ಕಾಲಿನ ಕೆಳಗೆ, ಪ್ಲಾಸ್ಟಿಕ್ ಹಾಳೆಯ ತುಂಡು ಸುತ್ತಿಕೊಂಡು ಬಿದ್ದಿತ್ತು. ಇದು ನಮಗೆ ಗೊತ್ತಾದದ್ದು ಆಮೇಲೆ.

"ಇವು ಬರೇ ಡಬ್ಬಿ ಇರಬೇಕು ಸಾಹೇಬ್ರ. ಚಾಲೂ ಮಾಡಿ ತೋರಸ್ಲಿ," ಅಂದರು ಸರ್.

"ಆ ಹೆಣ್ಮಗಳಿಗೆ ಬರ್ತೈತಲ್ಲ, ಆಕೀನ ಮಾಡ್ಲಿ," ಅಂದರು ಸಾಹೇಬರು.

ಮಿಲ್ಲಿನವನು ಆಳಿಗೆ ಕೂಗಿದ: "ಹಾಕಲೇ ಮೇನು!"

ಆಳು ಮೇನ್ ಸ್ವಿಚ್ ಹಾಕಿದ. ನಾನು ಮುಂದೆ ಹೋಗಿ ಕೈ ಚಾಚಿದೆ. ಕಂಪ್ಯೂಟರಿನ ಗುಂಡಿಗೂ ನನ್ನ ಬೆರಳಿಗೂ ನಡುವೆ ಒಂದು ಗೇಣೂ ಇರಲಿಲ್ಲ. ಮಿಲ್ಲಿನವನು ಅಡ್ಡ ಬಂದ.

"ಏ ಯವ್ವಾ, ಸರಿ ಆಕಡೆ. ಹೊಸಾ ಮಷೀನು. ಮೊದಲ ಮಾಲಕನ ಕೈ ಬೀಳಬೇಕು. ಹೆಣ್ಮಕ್ಕಳು ಆಮ್ಯಾಲೆ."

ನನಗೆ ಉರಿಯಿತು. ಉತ್ತರವನ್ನೂ ಹೊಂದಿಸಿಕೊಂಡಿದ್ದೆ. ಆಡಲು ಸಮಯ ಸಿಗಲಿಲ್ಲ. ಆತ ಎಡಗೈಯನ್ನು ಮೇಜಿನ ಅಂಚಿಗೆ ಊರಿದ, ಊರಿದ ಕೈ ಮೇಲೇಳಲಿಲ್ಲ. ಬಾಯಿ ತೆರೆದಿತ್ತು, ಮಾತು ಬರುತ್ತಿರಲಿಲ್ಲ. ಮೈ ಪೂರ್ತಿ ನಡುಗುತ್ತಿತ್ತು. ಸುತ್ತ ನಿಂತಿದ್ದ ಮಿಲ್ಲಿನ ಆಳುಗಳು ಭಕ್ತಿಯಿಂದ ನೋಡುತ್ತಿದ್ದರು. ದೇವರು ಮೈಮೇಲೆ ಬಂತು ಅಂದುಕೊಂಡಿರಬೇಕು.

ಸರ್ ಒಬ್ಬರಿಗೇ ತಿಳಿಯಿತು. ಗೋಡೆಗೆ ಒರಗಿಸಿದ್ದ, ಅಂಗಳದಲ್ಲಿ ಭತ್ತ ಹರವುವ ಕಟ್ಟಿಗೆಯ ಗೋರೆ ತೆಗೆದುಕೊಂಡು ಆತನ ಮುಂಗೈಗೆ ಬಾರಿಸಿದರು. ಕೈ ಮೇಜು ಬಿಡಲಿಲ್ಲ. ಮತ್ತೆ, ಇನ್ನೂ ಜೋರಾಗಿ. ಆತ ಹಿಂದಕ್ಕೆ ಬಿದ್ದ.

"ಮಾಲಕರಿಗೆ ಹೊಡದಾನಲೇ! ಹಿಡೀರಿ ಅವನ್ನ!"

ಆಳುಗಳು ಸರ್ ಅವರನ್ನು ನೆಲಕ್ಕೆ ಕೆಡವಿದರು, ಮೇಜಿನಿಂದ ಸ್ವಲ್ಪವೇ ದೂರದಲ್ಲಿ. ಒಬ್ಬ ಎದೆಯ ಮೇಲೆ ಕೂತ. ಅವನ ಮೊಣಕೈ ಮೇಜಿನ ಕಾಲಿಗೆ ತಾಗುತ್ತದೆಯೋ ಇಲ್ಲವೋ ಅನ್ನುವಂತಿತ್ತು. ನಾನು "ಕರೆಂಟ್ ಐತಿ, ಕರೆಂಟ್ ಐತಿ" ಅಂತ ಚೀರುತ್ತಿದ್ದೆನಂತೆ. ನನಗೆ ನನ್ನ ದನಿಯ ನೆನಪಿಲ್ಲ. ಆ ಮೊಣಕೈಯ ನೆನಪಿದೆ. ಬರಿಗಾಲಲ್ಲಿ ಭತ್ತದ ಅಂಗಳ ದಾಟಿ ರಸ್ತೆ ಮುಟ್ಟಿದ್ದ ಸಾಹೇಬರು ಅಲ್ಲಿಂದಲೇ ಕೂಗಿದರು: "ಮೇನ್ ತೆಗೀರೋ!" ಇಡೀ ತಪಾಸಣೆಯಲ್ಲಿ ಅವರು ಕೊಟ್ಟ ಒಂದೇ ಒಳ್ಳೆಯ ಆದೇಶ ಅದು.

ಆಳು ಮೇನ್ ತೆಗೆದ. ಮಿಲ್ಲಿನವನು ಬದುಕಿದ.

ಸಂಜೆ ಆಸ್ಪತ್ರೆಯಲ್ಲಿ ಆತ ಸರ್ ಅವರನ್ನು ಮಂಚದ ಹತ್ತಿರ ಕರೆದ. ಮುಂಗೈಗೆ ದಪ್ಪ ಪಟ್ಟಿ. ಸರ್ ಅವರ ಅಂಗಿಗೆ ಗುಂಡಿಗಳೇ ಉಳಿದಿರಲಿಲ್ಲ.

"ಮಾಸ್ತರ, ಜೀವ ಉಳಿಸೀರಿ. ಕೆಲಸ ಎಲ್ಲಾ ನೀವ ಮಾಡ್ರಿ. ಹೆಸರು ನಂದಿರಲಿ. ಆ ತಕರಾರು ಅರ್ಜಿ ಅಷ್ಟು ವಾಪಸ್ ತಗೋರಿ."

ನಾನು ಸರ್ ಮುಖ ನೋಡಿದೆ. ಹೂಂ ಅಂದಿದ್ದರೆ ಬೋರ್ಡ್ ಇಳಿಸುವ ಮಾತೇ ಇರಲಿಲ್ಲ. ಅರ್ಜಿಯ ತೀರ್ಪು ಏನಾಗುತ್ತದೋ ಯಾರಿಗೂ ಗೊತ್ತಿರಲಿಲ್ಲ.

"ಜೀವ ಉಳಿಸಿದ್ದು ಪುಕ್ಕಟ ರೀ. ಅದಕ್ಕ ಏನೂ ಕೊಡೂದು ಬ್ಯಾಡ. ಅರ್ಜಿದು ಬ್ಯಾರೆ ಮಾತು," ಅಂದರು ಸರ್.

"ಹೊಡದದ್ದು ಭಾಳ ಜೋರ ಆಗಿತ್ತು ಮಾಸ್ತರ."

"ಎರಡನೇ ಏಟಿನ್ಯಾಗ ಸ್ವಲ್ಪ ಟೆಂಡರಿನ ಸಿಟ್ಟೂ ಇತ್ತು."

ಆತ ನಕ್ಕ. ನಗುವಾಗ ನೋವಾಗಿ ಬೈದ, ಬೈದು ಮತ್ತೆ ನಕ್ಕ.

ಯುಗಾದಿ ಹತ್ತಿರ ಬಂದಾಗ ಆದೇಶ ಬಂತು. ಮಂಜೂರಾತಿ ರದ್ದು. ಕಾರಣ, ಯಂತ್ರಗಳು ಬಾಡಿಗೆಯವು ಅಂತಲ್ಲ, ಕನ್ನಡ ಬಲ್ಲವರಿರಲಿಲ್ಲ ಅಂತಲೂ ಅಲ್ಲ. 'ತಪಾಸಣಾಧಿಕಾರಿಗಳ ಸುರಕ್ಷತೆಗೆ ಧಕ್ಕೆ' ಅಂತ. ಕೆಲಸ ನಮಗೆ ಸಿಕ್ಕಿತು. ಮುಕ್ಕುಂದ, ಜವಳಗೇರಾ ಕಡೆಯ ಪಹಣಿಗಳ ಕಟ್ಟುಗಳು ಟೆಂಪೋದಲ್ಲಿ ಬಂದು ಟೈಪ್‌ರೈಟರುಗಳ ಜಾಗದಲ್ಲಿ ಕೂತವು.

ನನಗೆ ಮಾತ್ರ ಕಂಪ್ಯೂಟರ್ ಚಾಲೂ ಮಾಡಲು ಆಗುತ್ತಿರಲಿಲ್ಲ. ಗುಂಡಿಯವರೆಗೆ ಬೆರಳು ಹೋಗುತ್ತಿತ್ತು, ಅಲ್ಲೇ ನಿಲ್ಲುತ್ತಿತ್ತು. ಸರ್ ಒಂದು ದಿನ ಕೇಳಿಯೇಬಿಟ್ಟರು.

"ಯವ್ವಾ, ಎಷ್ಟು ದಿನ ಹಿಂಗ ಅದರ ಮಾರಿ ನೋಡ್ಕೋಂತ ಕುಂದ್ರತಿ? ಅದೇನು ಕಚ್ಚೂದಿಲ್ಲ."

"ಕಚ್ಚಿದ್ದು ನೋಡೀನಿ ಸರ್."

ಸರ್ ಎದ್ದು ಬಂದು ತಾವೇ ಗುಂಡಿ ಒತ್ತಿದರು. ಅಂದಿನಿಂದ ದಿನಾ ಬೆಳಿಗ್ಗೆ ಅವರೇ ಬಂದು ಚಾಲೂ ಮಾಡಿ ಹೋಗುತ್ತಿದ್ದರು. ಆಮೇಲೆ ನಾನು ಕೂತು ಟೈಪ್ ಮಾಡುತ್ತಿದ್ದೆ.