ಇನ್ನೊಂದ ಗುಟುಕ ಡೀಸೆಲ್

ಕೊಗನೊಳ್ಳಿಯ ಪಿಂಜಾರ ಬಾಬುಸಾಬನಿಗೆ ಡೀಸೆಲ್ ಪಂಪಿನವನು "ತುಂಬ್ತು" ಎಂದರೆ ಮನಸ್ಸಿಗೆ ಬರುತ್ತಿರಲಿಲ್ಲ. ಪೈಪು ತೆಗೆಯಲು ಹೋದವನ ಕೈ ಹಿಡಿದು, "ತಡೀಪಾ, ಅದರ ಹೊಟ್ಟ್ಯಾಗ ಇನ್ನೂ ಗಾಳಿ ಐತಿ. ಇನ್ನೊಂದ ಗುಟುಕ ಕುಡಸು," ಎನ್ನುತ್ತಿದ್ದ. ಆಮೇಲೆ ತನ್ನ ಹಳೆಯ ಮೆಟಾಡೋರಿನ ಮಗ್ಗುಲಿಗೆ ಬೆನ್ನು ಹಚ್ಚಿ, ಕಾಲೂರಿ, ಗಾಡಿಯನ್ನು ತೊಟ್ಟಿಲಿನಂತೆ ತೂಗುತ್ತಿದ್ದ. ಟ್ಯಾಂಕಿನೊಳಗೆ ಗುಳುಗುಳು ಸದ್ದಾಗಿ ಗಾಳಿ ಹೊರಬೀಳುತ್ತಿತ್ತು. ಆ ಜಾಗಕ್ಕೆ ಇನ್ನಷ್ಟು ಡೀಸೆಲ್ ಇಳಿಯುತ್ತಿತ್ತು.

ಆ ತೊಟ್ಟಿಲಲ್ಲಿ ಕೂತಿರುತ್ತಿದ್ದವಳು ಹೆಂಡತಿ ಹುಸೇನಬಿ. ಮದುವೆಯ ಕಾಲ ಬಂತೆಂದರೆ ಆ ಗಾಡಿಯೇ ಅವರ ಮನೆ. ನಡುವೆ ಅರಳೆ ಹಿಂಜುವ ಯಂತ್ರ, ಹಿಂದೆ ಮಲಗುವ ಹಲಗೆ, ಹಲಗೆಯ ಕೆಳಗೆ ಸ್ಟೋವು, ರೊಟ್ಟಿಯ ಬುಟ್ಟಿ. ಇಚಲಕರಂಜಿಯಲ್ಲಿ ಗಾದಿಯ ಬಟ್ಟೆ ಕೊಂಡು, ಮಿರಜದ ಮೇಲೆ ಹಾದು ಶೇಡಬಾಳ, ಅಲ್ಲಿಂದ ಅಥಣಿ, ಅನಂತಪುರ. ಬೇವಿನ ನೆರಳು ಕಂಡಲ್ಲಿ ಗಾಡಿ ನಿಲ್ಲಿಸಿ, ಗಂಟುಗಟ್ಟಿದ ಹಳೆಯ ಗಾದಿಗಳನ್ನು ಬಿಚ್ಚಿ ಹಿಂಜಿ ಮತ್ತೆ ಹೊಲಿದು ಕೊಡುವುದು. ಮಹಾರಾಷ್ಟ್ರದ ಗಡಿ ದಾಟಿದರೆ ಡೀಸೆಲ್ ತುಟ್ಟಿ ಎಂದು ಎಲ್ಲ ಗಾಡಿಯವರೂ ಕೊಗನೊಳ್ಳಿಯಲ್ಲೇ ಟ್ಯಾಂಕು ತುಂಬಿಸುತ್ತಾರೆ. ಆದರೆ ಗಂಟಲಮಟ ತುಂಬಿಸುತ್ತಿದ್ದವನು ಬಾಬುಸಾಬನೊಬ್ಬನೇ.

ಗಾಡಿಗೋ ವಯಸ್ಸಾಗಿತ್ತು. ಡೀಸೆಲ್ ಸುರಿಯುವ ಬಾಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಕೊಳವೆ ಸೀಳಿತ್ತು. ಬಿಸಿಲೇರಿದಂತೆ ಡೀಸೆಲ್ ಉಬ್ಬುವುದು, ತಿರುವಿನಲ್ಲಿ ತುಳುಕುವುದು, ಸೀಳಿನಿಂದ ಜಿನುಗಿ ಹಲಗೆಯ ಮೂಲೆಯನ್ನು ತೋಯಿಸುವುದು. ಅಲ್ಲೇ ಹುಸೇನಬಿಯ ತಲೆದಿಂಬು.

"ಉಣ್ಣೂ ರೊಟ್ಟಿಗೂ ಅದ ವಾಸ್ನಿ, ಮಲಗೂ ಹಾಸಿಗಿಗೂ ಅದ ವಾಸ್ನಿ! ಟ್ಯಾಂಕ ತುಂಬಸಾಕತ್ತೀರೋ, ನನ್ನ ತಲಿ ಮ್ಯಾಲೆ ಸುರವಾಕತ್ತೀರೋ?" ಎಂದು ಅವಳು ಸಿಡುಕುತ್ತಿದ್ದಳು.

"ನಡುದಾರ್ಯಾಗ ಖಾಲಿ ಆಗಿ ನಿಂತರ ನೂಕಾಕ ನೀ ಇಳೀತೀಯೇನಬೇ?" ಎಂದು ಅವನು ನಗುತ್ತಿದ್ದ.

ಒಮ್ಮೆ ಶೇಡಬಾಳದಲ್ಲಿ ಮದುಮಗಳ ತಾಯಿಯೊಬ್ಬಳು ಹೊಸ ಗಾದಿಯನ್ನು ಮೂಸಿ ನೋಡಿ, "ಏನೋ ಬಾಬುಸಾಬ, ಇದನ್ನ ನನ್ನ ಮಗಳಿಗೆ ಹೊಲದೀಯೋ, ಟ್ರ್ಯಾಕ್ಟರಿಗೆ ಹೊಲದೀಯೋ?" ಎಂದಳು. ಹುಸೇನಬಿ ನಾಚಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬಾಬುಸಾಬ ಮಾತ್ರ, "ಒಂದ ಫಾಯದಾ ಐತ್ರಿ ಅವ್ವಾರ, ತಿಗಣಿ ಹಾಯೂದಿಲ್ಲ," ಎಂದುಬಿಟ್ಟ.

ಹೋದ ವರ್ಷ ಮಿರಜದ ಆಸ್ಪತ್ರೆಯಲ್ಲಿ ಹುಸೇನಬಿ ಚಮಚೆಯಿಂದ ನೀರು ಕುಡಿಸುತ್ತಿದ್ದಾಗ ಬಾಬುಸಾಬ ತಲೆ ಅಲ್ಲಾಡಿಸಿ, "ಸಾಕ," ಎಂದ. ಅವನ ಬಾಯಲ್ಲಿ ಆ ಮಾತನ್ನು ಅವಳು ಕೇಳಿದ್ದು ಅದೇ ಮೊದಲು.

ಆಮೇಲೆ ಊರಲ್ಲೇ ಇದ್ದ ಮಗಳು ಯಾಸ್ಮಿನಳ ಹಿತ್ತಿಲಿನಲ್ಲಿ ಗಾಡಿ ನಿಂತೇ ಇತ್ತು. ಮಧ್ಯಾಹ್ನ ಹುಸೇನಬಿ ಅದರೊಳಗೆ ಹೋಗಿ ಹಲಗೆಯ ಮೇಲೆ ಮಲಗುವಳು, ಆ ಮೂಲೆಗೆ ಮೂಗು ಹಚ್ಚುವಳು. ಮೊದಮೊದಲು ವಾಸನೆ ಗಾಢವಾಗಿತ್ತು. ಮಳೆಗಾಲ ಕಳೆಯುವಷ್ಟರಲ್ಲಿ ತೆಳ್ಳಗಾಯಿತು. ಈಗ ತುಕ್ಕು ಮತ್ತು ಇಲಿಯ ವಾಸನೆ ಮಾತ್ರ. ಗಂಡ ಎರಡನೆಯ ಸಲ ಹೋದಂತೆ ಅವಳಿಗೆ ಅನ್ನಿಸುತ್ತಿತ್ತು. ಆದರೆ ಇದನ್ನು ಯಾರಿಗೆ ಹೇಳುವುದು?

ಗಾಡಿಯನ್ನು ಕೊಂಡವನು ಚಿಕ್ಕೋಡಿಯ ವಿಕ್ರಾಂತ, ಹೊಸದಾಗಿ ಮದುವೆಯಾದ ಹುಡುಗ. ಮೆಕ್ಯಾನಿಕನನ್ನು ಕರೆತಂದು ಬ್ಯಾಟರಿ ಹಾಕಿಸಿ, ಗಾಡಿ ಗುರ್ ಎಂದಾಗ ಹಿಗ್ಗಿಹೋದ. "ಆಜಿ, ಕೊಲ್ಲಾಪುರಕ್ಕ ಒಯ್ದು ಕ್ಯಾಂಪರ್ ಮಾಡಸ್ತೇನ್ರಿ. ಒಳಗ ಹಾಸಿಗಿ, ಗ್ಯಾಸ್, ಪಂಖಾ. ಬಾಯ್ಕೋನ್ನ ಕರಕೊಂಡು ಪೂರಾ ಕೊಂಕಣ ತಿರಗತೇನಿ. ಗಾಡೀನ ಮನಿ!"

"ಹೌದೇನಪಾ? ಗಾಡ್ಯಾಗ ಮನಿ ಮಾಡತಾರನೂ?" ಎಂದಳು ಹುಸೇನಬಿ. ಯಾಸ್ಮಿನ ಮುಖ ತಿರುಗಿಸಿಕೊಂಡು ನಕ್ಕಳು.

ಅವನು ಹೊರಡುವ ಹೊತ್ತಿಗೆ ಹುಸೇನಬಿ ಗಾಡಿಯ ಬಾಗಿಲು ಹಿಡಿದು ನಿಂತಳು. "ಒಂದ ಮಾತ ನಡಸ ಮಗನ. ಪಂಪಿನತನಕ ನನ್ನ ಹಿಂದ ಕುಂಡ್ರಿಸಿಕೊಂಡ ಹೋಗು. ಅಲ್ಲಿ ಗಂಟಲಮಟ ತುಂಬಸು. ಮತ್ತೇನೂ ಬ್ಯಾಡ."

"ಅಮ್ಮಾ, ಬಾ ಇತ್ತಾಗ," ಎಂದಳು ಯಾಸ್ಮಿನ. ವಿಕ್ರಾಂತ ಮಾತ್ರ, "ಬರಲಿ ಬಿಡ್ರಿ ಅಕ್ಕಾ, ಇಲ್ಲೇ ಐತಲ್ಲ," ಎಂದು ಮುದುಕಿಯ ಕೈ ಹಿಡಿದು ಹತ್ತಿಸಿದ. ಯಾಸ್ಮಿನಳೂ ಹತ್ತಿದಳು.

ಪಂಪಿನಲ್ಲಿ ಪೈಪು ಟಕ್ ಎಂದು ತಾನೇ ನಿಂತಿತು. ವಿಕ್ರಾಂತ ಮುಚ್ಚಳ ಹಾಕಲು ಹೋದ.

"ಇನ್ನೂ ಹಿಡೀತೈತಿ," ಎಂದಳು ಒಳಗಿನಿಂದ ಹುಸೇನಬಿ.

"ಇಲ್ಲ ಆಜಿ. ಹಳೇ ಗಾಡಿಗೆ ಹಂಗ ತುಂಬಸಬಾರದ್ರಿ. ಗಾಳಿ ಆಡೂ ಜಾಗಾ ಹೋಗತೈತಿ, ಸೋರತೈತಿ."

ಅವನು ಹೇಳಿದ್ದು ಖರೆ. ಅದೇ ಮಾತನ್ನು ತಾನೇ ಇಷ್ಟು ವರ್ಷ ಗಂಡನಿಗೆ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. "ನನಗೂ ಗೊತ್ತೈತಪಾ. ಸೋರಲಿ. ಇದೊಂದ ಸಲ ತೂಗಿ ತುಂಬಸು."

ವಿಕ್ರಾಂತ ಸುತ್ತ ನೋಡಿದ. ಹಿಂದೆ ಲಾರಿಯವನು ಹಾರ್ನ್ ಹಾಕುತ್ತಿದ್ದ. ನಾಚುತ್ತ ಎರಡೂ ಕೈಯಿಂದ ಗಾಡಿಯನ್ನು ನೂಕಿದ. ಒಳಗೆ ಹಲಗೆಯ ಮೇಲೆ ಹುಸೇನಬಿ ಕಣ್ಣು ಮುಚ್ಚಿಕೊಂಡಳು. ಗಾಡಿ ಜಗ್ಗಿತು, ಅಷ್ಟೇ. ತೂಗಲಿಲ್ಲ.

ಅವಳು ಇಳಿದು ಬಂದಳು. ಗಾಡಿಯ ಮಗ್ಗುಲಲ್ಲಿ ಒಂದು ಕಡೆ ಬಣ್ಣ ಸವೆದು ತಗಡು ಬೆಳ್ಳಗೆ ಮಿರುಗುತ್ತಿತ್ತು. ಬಾಬುಸಾಬ ಬೆನ್ನು ಹಚ್ಚುತ್ತಿದ್ದ ಜಾಗ ಅದು. ಹುಸೇನಬಿ ಅಲ್ಲೇ ಬೆನ್ನು ಕೊಟ್ಟಳು. ಅವನ ಭುಜ ತಾಗುತ್ತಿದ್ದಲ್ಲಿ ಅವಳ ತಲೆ ತಾಗಿತು. ಬಿಸಿಲಿಗೆ ತಗಡು ಬೆಚ್ಚಗಿತ್ತು. ಕಾಲೂರಿ ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಯಾಸ್ಮಿನ ತಡೆಯಲು ಬಂದವಳು ತಾಯಿಯ ಮುಖ ನೋಡಿ, ಪಕ್ಕದಲ್ಲಿ ತಾನೂ ಬೆನ್ನು ಹಚ್ಚಿದಳು. ಗಾಡಿ ನಿಧಾನವಾಗಿ ತೂಗಲು ಹತ್ತಿತು. ಒಳಗೆಲ್ಲೋ ಗುಳುಗುಳು ಎಂದಿತು.

"ಕುಡಸೋ ಈಗ!" ಎಂದು ಹುಸೇನಬಿ ಕೂಗಿದಳು.

ಪಂಪಿನವನು ಒತ್ತಿದ. ಡೀಸೆಲ್ ಬಾಯಿಗೆ ಬಂದು, ಉಕ್ಕಿ, ಮಗ್ಗುಲಿಗುಂಟ ಇಳಿದು ಅವಳ ಸೀರೆಯ ಅಂಚನ್ನು ತೋಯಿಸಿತು.

"ಅರೇ ಆಜಿ, ಸೀರಿ!" ಎಂದು ವಿಕ್ರಾಂತ ಹೌಹಾರಿದ.

"ಇರಲಿ ತಗೋ. ಇನ್ನ ಎಲ್ಲೂ ನಿಲ್ಲಸಬ್ಯಾಡ, ಹೊಡಕೊಂಡ ಹೋಗು. ಬಿಸಲಾಗ ನಿಂತರ ಉಬ್ಬತೈತಿ." ಅದು ಬಾಬುಸಾಬನ ಮಾತು.

ಗಾಡಿ ಹೆದ್ದಾರಿಗೆ ಏರಿ ಗಡಿಯ ಕಡೆ ತಿರುಗಿತು. ತಿರುವಿನಲ್ಲಿ ಒಂದಿಷ್ಟು ತುಳುಕಿ ಡಾಂಬರಿನ ಮೇಲೆ ಕಪ್ಪು ಗೆರೆ ಬಿತ್ತು.

ಮನೆಗೆ ಬಂದ ಮೇಲೆ ಯಾಸ್ಮಿನ ಬಕೆಟ್ಟಿನಲ್ಲಿ ಸಾಬೂನಿನ ನೀರು ಕಲಸಿ, "ಸೀರಿ ಕೊಡಮ್ಮಾ, ಈಗ ನೆನಸಿದ್ರ ಹೋಗತೈತಿ," ಎಂದಳು.

ಹುಸೇನಬಿ ಬೇರೆ ಸೀರೆ ಉಟ್ಟು ಬಂದಳು. ಬಿಚ್ಚಿದ್ದನ್ನು ಬಕೆಟ್ಟಿಗೆ ಹಾಕಲಿಲ್ಲ. ತೋಯ್ದ ಅಂಚು ಮೇಲೆ ಬರುವಂತೆ ಮಡಚಿ, ತಲೆದಿಂಬಿನ ಮೇಲೆ ಇಟ್ಟುಕೊಂಡು ಮಲಗಿದಳು.

"ಎಷ್ಟ ಹೇಳಿದ್ರೂ ಕೇಳೂದಿಲ್ಲ ನೀವು," ಎಂದು ಮೆಲ್ಲಗೆ ಸಿಡುಕಿದಳು.